ಹಳೆಯ ಕಾರಿಗೆ ಬೇರೆ ಸ್ಟೀರಿಂಗ್ ಕಾಲಂ: ತಿರುಗಿಸುವಾಗ ಬಿಗಿ, ಡಿಕ್ಕಿಯಲ್ಲಿ ಸಡಿಲ

ಓದುಗರ ಪ್ರಶ್ನೆ: 1960ರ ದಶಕದ ಆರಂಭದ ಸೆಡಾನ್ ಕಾರೊಂದನ್ನು ನಾನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಎಂಜಿನ್ ಬದಲಾಯಿಸಿದ್ದೇನೆ, ಸ್ಟೀರಿಂಗ್ ವೀಲಿನ ತಿರುವನ್ನು ಚಕ್ರಗಳಿಗೆ ದಾಟಿಸುವ ಹಳೆಯ ಸ್ಟೀರಿಂಗ್ ಬಾಕ್ಸ್ ತೆಗೆದು, ಅದೇ ಕೆಲಸ ಮಾಡುವ ರ‍್ಯಾಕ್ ಕೂರಿಸಿದ್ದೇನೆ. ಮೊದಲು ಸ್ಟೀರಿಂಗ್ ವೀಲಿನಿಂದ ಬಾಕ್ಸಿನವರೆಗೆ ಒಂದೇ ಗಟ್ಟಿ ಶಾಫ್ಟ್ (ತಿರುಗುವ ದಂಡ) ಇತ್ತು. ಈಗ ಅದರ ದಾರಿಗೆ ಎಂಜಿನ್ ಅಡ್ಡ ಬರುವುದರಿಂದ, 1990ರ ದಶಕದ ಬೇರೊಂದು ಕಾರಿನ, ಡಿಕ್ಕಿಯಾದರೆ ಕುಗ್ಗುವಂಥ ಕಾಲಮ್ಮನ್ನು (ಸ್ಟೀರಿಂಗ್ ವೀಲನ್ನು ಹೊರುವ ಕೊಳವೆ ಮತ್ತು ಅದರೊಳಗಿನ ಶಾಫ್ಟ್) ಗುಜರಿಯಿಂದ ತಂದಿದ್ದೇನೆ. ಅದು 90 ಮಿಲಿಮೀಟರ್ ಹೆಚ್ಚು ಉದ್ದವಿದೆ. ಕತ್ತರಿಸಿ ವೆಲ್ಡ್ ಮಾಡಿದರೆ ಮೊದಲಿಗಿಂತ ಗಟ್ಟಿಯಾಗುತ್ತದೆ ಎಂದು ನನ್ನ ಮೆಕ್ಯಾನಿಕ್ ಹೇಳುತ್ತಾರೆ. ಪ್ರಯೋಗಕ್ಕೆಂದು ಎರಡು ಶಾಫ್ಟುಗಳನ್ನು ಕೋನದಲ್ಲಿ ಸೇರಿಸುವ ಯೂನಿವರ್ಸಲ್ ಜಾಯಿಂಟ್ ಒಂದನ್ನೇ ಹಾಕಿ ನೋಡಿದೆ. ಒಂದು ಸುತ್ತಿನಲ್ಲಿ ಎರಡು ಕಡೆ ಸ್ಟೀರಿಂಗ್ ಭಾರವಾಗುತ್ತದೆ. ಕೆಳಗಿನ ಬೇರಿಂಗ್‌ನಲ್ಲಿ ಕೂರಲಿ ಎಂದು ಶಾಫ್ಟಿನ ತುದಿಗೆ ಸುತ್ತಿಗೆಯಿಂದ ತಟ್ಟಿದಾಗ ಅದು ಸುಮಾರು 20 ಮಿಲಿಮೀಟರ್ ಒಳಗೆ ಸರಿದು, ಈಗ ಹಿಂದೆ ಮುಂದೆ ಆಡುತ್ತಿದೆ. ರ‍್ಯಾಕ್ ಕಡೆಗೆ ರಬ್ಬರ್ ಕಪ್ಲಿಂಗ್ ಹಾಕಿದ ಮೇಲೆ ಹಾರ್ನ್ ಕೂಡ ಕೆಲಸ ಮಾಡುತ್ತಿಲ್ಲ. ಈ ಕಾಲಂ ಬಳಸಬಹುದೇ? ವೆಲ್ಡ್ ಮಾಡಿಸಲೇ? ಅಥವಾ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕಾಲಮ್ಮನ್ನೇ ಹುಡುಕಲೇ?

ಉತ್ತರ: ನೀವು ಕೊನೆಯಲ್ಲಿ, ಹಾರ್ನಿನ ಪಕ್ಕದಲ್ಲಿ ಬರೆದಿರುವ ಸಂಗತಿಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಸುತ್ತಿಗೆಯ ಪೆಟ್ಟಿಗೆ 20 ಮಿಲಿಮೀಟರ್ ಒಳಸರಿದ ಆ ಶಾಫ್ಟನ್ನು ದಯವಿಟ್ಟು ಕಾರಿಗೆ ಹಾಕಬೇಡಿ. ಅದು ನೋಡಲು ಹಾಳಾದಂತೆ ಕಾಣುವುದಿಲ್ಲ, ತಿರುಗಿಸಿದರೆ ತಿರುಗುತ್ತದೆ, ಕೈಗೆ ಮುರಿದುಬರುವುದೂ ಇಲ್ಲ. ಆದರೆ ಅಪಘಾತದ ದಿನಕ್ಕೆಂದು ಕಾದಿಟ್ಟ ಒಂದು ಕೆಲಸವನ್ನು ಅದು ನಿಮ್ಮ ಕೆಲಸದ ಮೇಜಿನ ಮೇಲೆಯೇ ಮಾಡಿ ಮುಗಿಸಿದೆ.

ಒಳಗೆ ಏನಾಗಿದೆ ಎಂದು ವಿವರಿಸುತ್ತೇನೆ. ಇಂಥ ಕಾಲಮ್ಮಿನ ಶಾಫ್ಟ್ ಒಂದೇ ತುಂಡಲ್ಲ. ಮೇಲಿನ ಭಾಗವೂ ಕೆಳಗಿನ ಭಾಗವೂ ಒಂದರೊಳಗೊಂದು ಸೇರುವ ಎರಡು ತುಂಡುಗಳು. ಸೇರುವ ಜಾಗದಲ್ಲಿ ಎರಡು ಬದಿ ಚಪ್ಪಟೆಯಾಗಿರುತ್ತದೆ ಅಥವಾ ಹಲ್ಲುಗಳಿರುತ್ತವೆ. ಹೀಗಾಗಿ ಒಂದನ್ನು ತಿರುಗಿಸಿದರೆ ಇನ್ನೊಂದು ತಿರುಗಲೇಬೇಕು. ಆದರೆ ಉದ್ದದ ದಿಕ್ಕಿನಲ್ಲಿ ಅವೆರಡನ್ನೂ ಹಿಡಿದಿಡುವುದು, ತಯಾರಿಕೆಯ ಸಮಯದಲ್ಲಿ ಸಣ್ಣ ರಂಧ್ರಗಳ ಮೂಲಕ ಕರಗಿಸಿ ತುಂಬಿದ ಪ್ಲಾಸ್ಟಿಕ್ ಪಿನ್ನುಗಳು. ಡಿಕ್ಕಿಯ ಒತ್ತಡಕ್ಕೆ ಅವು ತುಂಡಾಗಿ, ಶಾಫ್ಟ್ ದುರ್ಬೀನಿನಂತೆ ಒಳಗೊಳಗೆ ಸರಿಯಬೇಕು ಎಂಬುದೇ ಉದ್ದೇಶ. ನಿಮ್ಮ ಸುತ್ತಿಗೆಯ ಪೆಟ್ಟಿಗೂ ಡಿಕ್ಕಿಯ ಪೆಟ್ಟಿಗೂ ಆ ಪಿನ್ನುಗಳಿಗೆ ವ್ಯತ್ಯಾಸ ತಿಳಿಯದು. ತುಂಡಾದ ಮೇಲೆ ಸ್ಟೀರಿಂಗ್ ವೀಲ್ ಹಿಂದೆ ಮುಂದೆ ಆಡುತ್ತದೆ, ತಿರುಗುವಾಗ ಸಣ್ಣ ಸದ್ದು ಬರುತ್ತದೆ, ಶಾಫ್ಟಿನ ಉದ್ದ ನಿಶ್ಚಿತವಾಗಿರುವುದಿಲ್ಲ. ಎಳೆದು ಮತ್ತೆ ಮೊದಲಿನ ಉದ್ದಕ್ಕೆ ತಂದು ಗಟ್ಟಿ ಅಂಟು ತುಂಬುವವರನ್ನು ನಾನು ನೋಡಿದ್ದೇನೆ. ಅಂಟು ಎಷ್ಟು ಬಲಕ್ಕೆ ಬಿಡುತ್ತದೆ ಎಂಬುದನ್ನು ಯಾರೂ ಅಳೆದಿರುವುದಿಲ್ಲವಾದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ಅದೇ ಮಾದರಿಯ ಶಾಫ್ಟ್ ಬಿಡಿಯಾಗಿ ಸಿಕ್ಕರೆ ಬದಲಿಸಿ. ಸಿಗದಿದ್ದರೆ ಕಾಲಮ್ಮನ್ನೇ ಬದಲಿಸಿ. ಇನ್ನೊಂದನ್ನು ತರುವಾಗ, ಅದು ಬಂದ ಕಾರು ಮುಂಭಾಗಕ್ಕೆ ಡಿಕ್ಕಿ ಹೊಡೆದದ್ದೇ ಎಂದು ಕೇಳಿ ತಿಳಿಯಿರಿ. ಆ ಮಾದರಿಯ ಸರ್ವಿಸ್ ಪುಸ್ತಕದಲ್ಲಿ ಕೊಟ್ಟಿರುವ ಉದ್ದದೊಂದಿಗೆ ಹೋಲಿಸಿ ನೋಡಿ. ಗುಜರಿಗೆ ಬರುವ ಕಾಲಮ್ಮುಗಳಲ್ಲಿ ಅಪಘಾತದಲ್ಲಿ ಈಗಾಗಲೇ ಕುಗ್ಗಿರುವವೂ ಇರುತ್ತವೆ. ಕೂರಿಸುವಾಗ ತುದಿಗೆ ಸುತ್ತಿಗೆ ಮುಟ್ಟಿಸಬಾರದು, ಸ್ಟೀರಿಂಗ್ ವೀಲ್ ಬಿಚ್ಚಲು ಪುಲ್ಲರ್ (ಹಿಡಿದು ಎಳೆದು ತೆಗೆಯುವ ಸಾಧನ) ಬಿಟ್ಟು ಬೇರೇನನ್ನೂ ಬಳಸಬಾರದು.

ಇಷ್ಟು ಓದಿದ ಮೇಲೆ ನಿಮ್ಮ ಮನಸ್ಸಿಗೆ ಬರುವ ಅನುಮಾನ ನನಗೆ ಅರ್ಥವಾಗುತ್ತದೆ. ಪ್ಲಾಸ್ಟಿಕ್ ಪಿನ್ನಿನ ಮೇಲೆ ನಿಂತಿರುವ ವಸ್ತುವನ್ನು ನಂಬಿ ಕಾರು ಓಡಿಸುವುದು ಹೇಗೆ, ಅದಕ್ಕಿಂತ ಬೆಸೆದು ಒಂದೇ ಮಾಡಿಬಿಡುವುದು ಮೇಲಲ್ಲವೇ ಎಂಬುದು ನಿಮ್ಮ ಮೆಕ್ಯಾನಿಕ್ ಹೇಳಿದ ಮಾತಿನ ಹಿಂದೆಯೂ ಇರುವ ಯೋಚನೆ. ಸ್ಟೀರಿಂಗ್ ಕಾಲಂ ಎರಡು ವಿರುದ್ಧ ಕೆಲಸಗಳನ್ನು ಒಟ್ಟಿಗೆ ಮಾಡಬೇಕಾದ ಭಾಗ ಎಂಬುದನ್ನು ಈ ಯೋಚನೆ ಬಿಟ್ಟುಬಿಡುತ್ತದೆ. ತಿರುಚುವ ಬಲಕ್ಕೆ ಅದು ಎಂದೂ ಸೋಲಬಾರದು. ಉದ್ದಕ್ಕೆ ಬೀಳುವ ಗುದ್ದಿಗೆ ಅದು ಸೋಲಲೇಬೇಕು. ನೀವು ಮಾಡುವ ಒಂದೊಂದು ಬದಲಾವಣೆಯನ್ನೂ, ಒಂದೊಂದು ಬೋಲ್ಟನ್ನೂ ಈ ಎರಡು ಪ್ರಶ್ನೆಗಳ ಮುಂದಿಟ್ಟು ನೋಡಿದರೆ ಅರ್ಧ ಗೊಂದಲ ತಾನಾಗಿ ತೀರುತ್ತದೆ. ತುಂಡಾದ ಪಿನ್ನಿನಿಂದ ಸ್ಟೀರಿಂಗ್ ಕೈಬಿಡುವುದಿಲ್ಲ, ಏಕೆಂದರೆ ತಿರುಗುವ ಬಲ ಹಾದುಹೋಗುವುದು ಚಪ್ಪಟೆ ಬದಿಗಳ ಮೂಲಕ, ಪಿನ್ನುಗಳ ಮೂಲಕವಲ್ಲ.

ನಿಮ್ಮ ಕಾರಿನಲ್ಲಿ ಮೊದಲಿದ್ದ ಗಟ್ಟಿ ಶಾಫ್ಟ್ ಏಕೆ ಅಪಾಯಕಾರಿಯಾಗಿತ್ತು ಎಂಬುದನ್ನು ಅದರ ಮೂತಿ ಎಲ್ಲಿದೆ ಎಂದು ನೋಡಿದರೇ ತಿಳಿಯುತ್ತದೆ. ಆ ಕಾಲದ ಎಷ್ಟೋ ಕಾರುಗಳಲ್ಲಿ ಸ್ಟೀರಿಂಗ್ ಬಾಕ್ಸ್ ಕಾರಿನ ಮೂಗಿನ ಹತ್ತಿರ, ಡಿಕ್ಕಿಯಾದರೆ ಮೊದಲು ನುಜ್ಜಾಗುವ ಜಾಗದಲ್ಲೇ ಇರುತ್ತಿತ್ತು. ಮುಂಭಾಗ ಹಿಂದಕ್ಕೆ ಸರಿದಂತೆ ಬಾಕ್ಸ್ ಕೂಡ ಸರಿದು, ಶಾಫ್ಟ್ ಭರ್ಜಿಯಂತೆ ಚಾಲಕನ ಎದೆಯತ್ತ ನುಗ್ಗುತ್ತಿತ್ತು. ಅದೇ ಕ್ಷಣದಲ್ಲಿ ಚಾಲಕನ ದೇಹ ಮುಂದಕ್ಕೆ ಬರುತ್ತಿತ್ತು. ಅಮೆರಿಕದ ಜನರಲ್ ಮೋಟರ್ಸ್ ತನ್ನ 1967ರ ಮಾದರಿಗಳಲ್ಲಿ ಕುಗ್ಗುವ ಕಾಲಮ್ಮನ್ನು ತಂದಿತು. 1968ರ ಜನವರಿ 1ರಿಂದ ಅಲ್ಲಿನ ಪ್ರಯಾಣಿಕರ ಕಾರುಗಳಿಗೆ ಇದರ ಬಗ್ಗೆ ಎರಡು ನಿಯಮಗಳು ಜಾರಿಗೆ ಬಂದವು. ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಕಾರನ್ನು ಗೋಡೆಗೆ ಗುದ್ದಿಸಿದಾಗ ಕಾಲಮ್ಮಿನ ಮೇಲ್ತುದಿ 127 ಮಿಲಿಮೀಟರ್‌ಗಿಂತ ಹೆಚ್ಚು ಹಿಂದಕ್ಕೆ ಬರಬಾರದು ಎಂಬುದು ಒಂದು. ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಮನುಷ್ಯನ ಎದೆಯಂತೆ ಮಾಡಿದ ಅಚ್ಚು ಸ್ಟೀರಿಂಗ್ ವೀಲಿಗೆ ಬಡಿದಾಗ ಅದರ ಮೇಲೆ ಬೀಳುವ ಬಲ ಸುಮಾರು 11,100 ನ್ಯೂಟನ್ ಮೀರಬಾರದು ಎಂಬುದು ಇನ್ನೊಂದು. ವಿಶ್ವಸಂಸ್ಥೆಯ 12ನೇ ವಾಹನ ನಿಯಮವೂ ಹೆಚ್ಚುಕಡಿಮೆ ಇವೇ ಮಿತಿಗಳನ್ನು ಹೇಳುತ್ತದೆ. ಗಮನಿಸಿ, ಇವು ಎರಡು ಬೇರೆ ಬೇರೆ ಪರೀಕ್ಷೆಗಳು. ಕೆಳಗಿನಿಂದ ಮೇಲಕ್ಕೆ ಬರುವ ಗುದ್ದು ಒಂದು, ಮೇಲಿನಿಂದ ಕೆಳಕ್ಕೆ ಬೀಳುವ ಗುದ್ದು ಇನ್ನೊಂದು. ಕಾಲಮ್ಮಿನೊಳಗಿನ ಬೇರೆ ಬೇರೆ ಭಾಗಗಳು ಇವೆರಡಕ್ಕೂ ಬೇರೆ ಬೇರೆಯಾಗಿ ಉತ್ತರ ಕೊಡುತ್ತವೆ.

ಇಲ್ಲಿಯೇ ಬಹಳ ಜನ ನಂಬಿರುವ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಬೇಕು. ಕುಗ್ಗುವ ಕಾಲಂ ಹಾಕಿದರೆ ಕಾರು ಆ ಮಟ್ಟಿಗೆ ಸುರಕ್ಷಿತವಾಯಿತು ಎಂದು ತಿಳಿಯುತ್ತಾರೆ. ಗೋಡೆಗೆ ಗುದ್ದಿಸುವ ಪರೀಕ್ಷೆ ನಡೆದದ್ದು ಇಡೀ ಕಾರಿಗೆ, ಬಿಡಿ ಕಾಲಮ್ಮಿಗಲ್ಲ. ಆ ಕಾರಿನ ಡ್ಯಾಶ್‌ಬೋರ್ಡಿನ ಹಿಂದಿನ ಅಡ್ಡತೊಲೆ, ಬ್ರಾಕೆಟ್, ಕೆಳಗಿನ ಶಾಫ್ಟ್ ಸಾಗುವ ದಾರಿ ಎಲ್ಲವೂ ಸೇರಿ ಆ ಫಲಿತಾಂಶ ಬಂದಿತ್ತು. ಕಾಲಮ್ಮಿನೊಂದಿಗೆ ಆ ಫಲಿತಾಂಶವೂ ನಿಮ್ಮ ಕಾರಿಗೆ ಬರಬೇಕಾದರೆ ಅದರ ಸುತ್ತಲಿನ ಏರ್ಪಾಡನ್ನೂ ಸಾಧ್ಯವಾದಷ್ಟು ತರಬೇಕು.

ಅದರಲ್ಲಿ ಮೊದಲನೆಯದು ಮೇಲಿನ ಬ್ರಾಕೆಟ್. ನಿಮ್ಮಲ್ಲಿರುವ ಕಾಲಮ್ಮಿನ ಬ್ರಾಕೆಟ್ಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಆ ಕಾಲದ ಅನೇಕ ಕಾರುಗಳಲ್ಲಿ ಬೋಲ್ಟ್ ಹೋಗುವ ರಂಧ್ರ ಪೂರ್ತಿ ದುಂಡಗಿರುವುದಿಲ್ಲ. ಚಾಲಕನ ಕಡೆಗೆ ಬಾಯಿ ತೆರೆದ ಸೀಳಿನಂತಿರುತ್ತದೆ. ಆ ಸೀಳಿನೊಳಗೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಅಲ್ಯೂಮಿನಿಯಂ ತುಂಡೊಂದು ಕೂತಿರುತ್ತದೆ. ಅದನ್ನು ಬ್ರಾಕೆಟ್ಟಿಗೆ ಹಿಡಿದಿರುವುದು ಮತ್ತದೇ ಪ್ಲಾಸ್ಟಿಕ್ ಪಿನ್ನುಗಳು. ಎದೆ ಬಂದು ಸ್ಟೀರಿಂಗ್ ವೀಲಿಗೆ ಬಡಿದಾಗ ಅಲ್ಯೂಮಿನಿಯಂ ತುಂಡು ಬೋಲ್ಟಿನೊಂದಿಗೆ ಅಲ್ಲೇ ಉಳಿದು, ಬ್ರಾಕೆಟ್ ಅದರಿಂದ ಕಳಚಿಕೊಂಡು ಮುಂದಕ್ಕೆ ಸರಿಯುತ್ತದೆ. ಸೀಳಿನ ಇನ್ನೊಂದು ತುದಿ ಮುಚ್ಚಿರುವುದರಿಂದ ಕಾಲಂ ಹಿಂದಕ್ಕೆ, ಅಂದರೆ ಚಾಲಕನತ್ತ, ಬರಲಾರದು. ಒಂದೇ ಭಾಗ ಒಂದು ದಿಕ್ಕಿಗೆ ಬಿಡುತ್ತದೆ, ಇನ್ನೊಂದು ದಿಕ್ಕಿಗೆ ತಡೆಯುತ್ತದೆ. ಹಳೆಯ ಕಾರಿಗೆ ಕೂರಿಸುವವರು ಈ ಬ್ರಾಕೆಟ್ ಹೊಂದುವುದಿಲ್ಲವೆಂದು ಕತ್ತರಿಸಿ ಎಸೆದು, ಕೊಳವೆಯ ಸುತ್ತ ದಪ್ಪ ಪಟ್ಟಿಯ ಕ್ಲಾಂಪ್ ಹಾಕಿ ಬಿಗಿಯುವುದನ್ನು, ಇಲ್ಲವೇ ಆ ಸೀಳಿನ ಮೇಲೆ ದೊಡ್ಡ ವಾಷರ್ ಇಟ್ಟು ಅದು ಅಲುಗದಂತೆ ಮಾಡುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಕೆಲಸ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಕುಗ್ಗಬೇಕಾದ ಕಾಲಂ ಅಲ್ಲಿಗೆ ಮತ್ತೆ ಗಟ್ಟಿ ಕಂಬವಾಯಿತು. ನೀವು ಕಾಲಮ್ಮಿನ ಬ್ರಾಕೆಟ್ಟನ್ನು ಹಾಗೇ ಉಳಿಸಿಕೊಂಡು, ಅದು ಕೂರುವಂಥ ಜಾಗವನ್ನು ಕಾರಿನಲ್ಲಿ ಕಟ್ಟಿರಿ. ಬೋಲ್ಟುಗಳನ್ನು ಆ ಕಾರಿನ ಪುಸ್ತಕ ಹೇಳಿದ ಬಿಗಿತಕ್ಕೆ ಮಾತ್ರ ಬಿಗಿಯಿರಿ. ಬ್ರಾಕೆಟ್ ಮುಂದಕ್ಕೆ ಸರಿಯಬೇಕಾದ ದಾರಿಯಲ್ಲಿ ವೈಪರ್ ಮೋಟಾರ್, ಪೆಡಲ್ ಪೆಟ್ಟಿಗೆ, ಹೀಟರ್ ಯಾವುದೂ ಅಡ್ಡ ಇರಬಾರದು.

ಆ ಜಾಗವನ್ನು ಯಾವುದಕ್ಕೆ ಕಟ್ಟಬೇಕು ಎಂಬುದೂ ಅಷ್ಟೇ ಮುಖ್ಯ. ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಎಂದರೆ ಬಹುತೇಕ ಒಂದು ಮಡಿಸಿದ ತಗಡು. ಮೊದಲು ಅಲ್ಲಿ ಕಾಲಮ್ಮಿನ ತೂಕದ ಬಹುಪಾಲನ್ನು ಕೆಳಗಿನ ಬಾಕ್ಸ್ ಹೊರುತ್ತಿತ್ತು. ತಗಡಿನದು ಬರೀ ಆಸರೆ. ಈಗ ಬಾಕ್ಸ್ ಇಲ್ಲ. ಜಾಯಿಂಟ್ ಬಂದ ಮೇಲೆ ಕಾಲಂ ತನ್ನೆರಡು ಆಧಾರಗಳ ಮೇಲೆಯೇ ನಿಲ್ಲಬೇಕು. ಆದ್ದರಿಂದ ಎರಡೂ ಬದಿಯ ಬಾಗಿಲ ಕಂಬಗಳ ನಡುವೆ ಒಂದು ಅಡ್ಡ ಕೊಳವೆ ಹಾಕಿ, ಮೇಲಿನ ಬ್ರಾಕೆಟ್ಟನ್ನು ಅದಕ್ಕೆ ಕಟ್ಟುವುದು ಸರಿಯಾದ ದಾರಿ. ಕೆಳಗೆ, ಎಂಜಿನ್ ಕೋಣೆಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡು ಗೋಡೆಯಲ್ಲಿ, ಬಲಪಡಿಸಿದ ಫಲಕದ ಮೇಲೆ ಕಾಲಮ್ಮಿನ ಕೆಳ ಬೇರಿಂಗ್ ಕೂರಬೇಕು. ಕಟ್ಟಿದ ಮೇಲೆ ಸೀಟಿನಲ್ಲಿ ಕೂತು ಸ್ಟೀರಿಂಗ್ ವೀಲನ್ನು ಎರಡೂ ಕೈಗಳಿಂದ ಮೇಲಕ್ಕೂ ಕೆಳಕ್ಕೂ ಜಗ್ಗಿ ನೋಡಿ. ಕಾರಿನಿಂದ ಇಳಿಯುವಾಗ ವೀಲನ್ನು ಹಿಡಿದು ಏಳುವ ಅಭ್ಯಾಸ ಎಷ್ಟೋ ಜನಕ್ಕಿದೆ. ಡ್ಯಾಶ್‌ಬೋರ್ಡಿನ ತಗಡು ಉಸಿರಾಡಿದಂತೆ ಅಲುಗಿದರೆ ಆಧಾರ ಸಾಲದು.

ಇನ್ನು ಆ 90 ಮಿಲಿಮೀಟರ್. ವೆಲ್ಡ್ ಮಾಡಿದ ಜಾಗ ಮೂಲ ಲೋಹಕ್ಕಿಂತ ಗಟ್ಟಿ ಎಂಬ ಮಾತು ಪೂರ್ತಿ ಸುಳ್ಳಲ್ಲ. ಸರಿಯಾದ ಲೋಹ, ಸರಿಯಾದ ಕೈ, ಸರಿಯಾದ ತಪಾಸಣೆ ಇದ್ದಾಗ ಬೆಸುಗೆ ಚೆನ್ನಾಗಿಯೇ ಹಿಡಿಯುತ್ತದೆ. ತೊಂದರೆ ಬರುವುದು ಬೆಸುಗೆಯ ಪಕ್ಕದಲ್ಲಿ. ಶಾಫ್ಟಿನ ಉಕ್ಕಿನಲ್ಲಿ ಕಾರ್ಬನ್ ಸ್ವಲ್ಪ ಹೆಚ್ಚಿದ್ದರೆ ಬಿಸಿಯಾಗಿ ಬೇಗ ತಣಿದ ಆ ಅಂಚು ಗಡುಸಾಗಿ, ಬಳುಕುವ ಗುಣ ಕಳೆದುಕೊಳ್ಳುತ್ತದೆ. ಸ್ಟೀರಿಂಗ್ ಶಾಫ್ಟ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿಸಿಕೊಳ್ಳುತ್ತಲೇ ಇರುವ ಭಾಗವಾದ್ದರಿಂದ, ಬಿರುಕು ಆ ಅಂಚಿನಿಂದಲೇ ಶುರುವಾಗುತ್ತದೆ. ಒಮ್ಮೆ ನನ್ನ ಕೈಗೆ ಬಂದ ಕಾರಿನಲ್ಲಿ ಹೀಗೆ ಬೆಸೆದ ಶಾಫ್ಟ್ ಇತ್ತು. ಮೇಲೆ ದಪ್ಪವಾಗಿ ಕಪ್ಪು ಬಣ್ಣ ಬಳಿದಿದ್ದರು. ಬೆಸುಗೆಯಿಂದ ಎರಡು ಮಿಲಿಮೀಟರ್ ಆಚೆ, ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ ಕಾಣಿಸಿತು. ಮುಂದಿನ ಚಕ್ರಗಳನ್ನು ಬಿಗಿಹಿಡಿಸಿ ಸ್ಟೀರಿಂಗ್ ವೀಲನ್ನು ಒತ್ತಿ ತಿರುಗಿಸಿದಾಗ ಆ ಗೆರೆ ಬಾಯಿ ಬಿಟ್ಟಿತು, ಬಿಟ್ಟಾಗ ಮುಚ್ಚಿಕೊಂಡಿತು. ಮಾಲೀಕರು ಅದೇ ಕಾರಿನಲ್ಲಿ ಅಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಬಂದಿದ್ದರು. ಆಧುನಿಕ ಕಾರಿನ ಬ್ರೇಕಿಗೆ ಎರಡು ಪ್ರತ್ಯೇಕ ದಾರಿಗಳಿರುತ್ತವೆ, ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ಸ್ಟೀರಿಂಗ್ ಶಾಫ್ಟಿಗೆ ಅಂಥ ಎರಡನೆಯ ದಾರಿಯೇ ಇಲ್ಲ. ಇದರ ಜೊತೆಗೆ, ಕಾಲಮ್ಮಿನ ಶಾಫ್ಟನ್ನು ಬೆಸೆಯುವ ಬಿಸಿ ಒಳಗಿನ ಪ್ಲಾಸ್ಟಿಕ್ ಪಿನ್ನುಗಳನ್ನೂ ಬೇರಿಂಗನ್ನೂ ತಟ್ಟುತ್ತದೆ, ಮತ್ತು ಕುಗ್ಗಬೇಕಾದ ಭಾಗದಲ್ಲೇ ಉದ್ದ ಕಡಿಮೆಯಾಗುತ್ತದೆ. ಅನೇಕ ಕಡೆ ವಾಹನ ತಪಾಸಣೆಯವರು ಸ್ಟೀರಿಂಗ್ ಭಾಗಗಳ ಮೇಲೆ ಬೆಸುಗೆ ಕಂಡರೆ ಕಾರನ್ನು ಒಪ್ಪುವುದೇ ಇಲ್ಲ.

ಆದ್ದರಿಂದ ಕಾಲಮ್ಮನ್ನು ಮುಟ್ಟಬೇಡಿ. ಉದ್ದವನ್ನು ಕೆಳಗೆ, ಕಾಲಮ್ಮಿಗೂ ರ‍್ಯಾಕಿಗೂ ನಡುವಿನ ಶಾಫ್ಟಿನಲ್ಲಿ ಸರಿಪಡಿಸಿ. ಆ ಶಾಫ್ಟ್ ಹೇಗಿದ್ದರೂ ನಿಮಗೆ ಹೊಸದಾಗಿ ಬೇಕು. ಎರಡು ಬದಿ ಚಪ್ಪಟೆಯಾದ ಶಾಫ್ಟುಗಳು, ಅವುಗಳಿಗೆ ಹೊಂದುವ ಜಾಯಿಂಟುಗಳು, ಒಂದರೊಳಗೊಂದು ಸರಿಯುವ ಮಾದರಿಯವು ಕೂಡ ಸ್ಟೀರಿಂಗ್‌ಗೆಂದೇ ತಯಾರಾಗಿ ಸಿಗುತ್ತವೆ. ಬೇಕಾದ ಅಳತೆಗೆ ತುದಿಯನ್ನು ಕತ್ತರಿಸಿಕೊಂಡರೆ ಸಾಕು, ಬೆಸುಗೆಯ ಮಾತೇ ಬರುವುದಿಲ್ಲ. ನಡುವಿನ ಶಾಫ್ಟ್ ಸರಿಯುವ ಮಾದರಿಯದಾಗಿರಲಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂಭಾಗ ನುಜ್ಜಾದಾಗ ರ‍್ಯಾಕ್ ಹಿಂದಕ್ಕೆ ಬರುವುದನ್ನು ನುಂಗಿಕೊಳ್ಳಬೇಕಾದದ್ದು ಅದೇ. 90 ಮಿಲಿಮೀಟರನ್ನು ಅಲ್ಲಿಯೂ ಹೊಂದಿಸಲಾಗದಷ್ಟು ಜಾಗ ಇಕ್ಕಟ್ಟಾಗಿದ್ದರೆ ಈ ಕಾಲಂ ನಿಮ್ಮ ಕಾರಿಗೆ ಸೇರಿದ್ದಲ್ಲ. ಗಿಡ್ಡ ಕಾಲಂ ಹುಡುಕುವುದು ಒಳ್ಳೆಯದು.

ಒಂದು ಸುತ್ತಿನಲ್ಲಿ ಎರಡು ಕಡೆ ಭಾರವಾಗುವುದಕ್ಕೆ ಬೇರಿಂಗ್ ಕಾರಣವಲ್ಲ, ರ‍್ಯಾಕ್ ಕೂಡ ಕಾರಣವಲ್ಲ. ಅದು ಯೂನಿವರ್ಸಲ್ ಜಾಯಿಂಟಿನ ಹುಟ್ಟುಗುಣ. ಎರಡು ಶಾಫ್ಟುಗಳು ಕೋನದಲ್ಲಿ ಸೇರಿದಾಗ, ಒಂದನ್ನು ಒಂದೇ ಸಮನೆ ತಿರುಗಿಸಿದರೂ ಇನ್ನೊಂದು ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಕೋನ 30 ಡಿಗ್ರಿ ಇದ್ದರೆ ಆಚೆಯ ಶಾಫ್ಟಿನ ವೇಗ ನಿಮ್ಮ ಕೈಯ ವೇಗದ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ ಏರಿಳಿಯುತ್ತದೆ. ಅದು ವೇಗವಾಗುವ ಕಡೆ ಕೈಗೆ ಭಾರ, ನಿಧಾನವಾಗುವ ಕಡೆ ಹಗುರ. ಎರಡರ ನಡುವಿನ ವ್ಯತ್ಯಾಸ ಮೂರನೇ ಒಂದು ಪಾಲಿನಷ್ಟಾಗುತ್ತದೆ. ಕೋನ 15 ಡಿಗ್ರಿಗೆ ಇಳಿದರೆ ಅದೇ ವ್ಯತ್ಯಾಸ ಶೇಕಡ 7ರಷ್ಟಕ್ಕೆ ಬರುತ್ತದೆ, ಹೆಚ್ಚಿನವರ ಕೈಗೆ ಅದು ತಿಳಿಯುವುದಿಲ್ಲ. ಆದ್ದರಿಂದ ಕೋನ ಸಣ್ಣದಿದ್ದರೆ ಒಂದು ಜಾಯಿಂಟ್ ಸಾಕು. ನಿಮ್ಮದು ಖಂಡಿತವಾಗಿ ಅದಕ್ಕಿಂತ ದೊಡ್ಡದು.

ಪರಿಹಾರ ಎರಡು ಜಾಯಿಂಟುಗಳು. ಎರಡೂ ಕಡೆ ಕೋನ ಸಮವಾಗಿದ್ದು, ಮೂರೂ ಶಾಫ್ಟುಗಳು ಒಂದೇ ಸಮತಲದಲ್ಲಿದ್ದು, ನಡುವಿನ ಶಾಫ್ಟಿನ ಎರಡು ತುದಿಗಳಲ್ಲಿರುವ ಕವಲುಗಳು (ಜಾಯಿಂಟಿನ ಎರಡು ಕಿವಿಗಳಿರುವ ಭಾಗ) ಒಂದೇ ಸಾಲಿನಲ್ಲಿದ್ದರೆ, ಮೊದಲ ಜಾಯಿಂಟ್ ಮಾಡಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ನಡುವಿನ ಶಾಫ್ಟನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಒಂದು ತುದಿಯಿಂದ ನೋಡಿ. ಹತ್ತಿರದ ಕವಲಿನ ಕಿವಿಗಳು ದೂರದ ಕವಲಿನ ಕಿವಿಗಳನ್ನು ಮರೆಮಾಡಬೇಕು. ಕವಲುಗಳು ಒಂದಕ್ಕೊಂದು ಲಂಬವಾಗಿ ಕೂತರೆ ಏರಿಳಿತ ಅಳಿಯುವ ಬದಲು ಕೂಡಿಕೊಳ್ಳುತ್ತದೆ, ಸ್ಟೀರಿಂಗ್ ಈಗಿರುವುದಕ್ಕಿಂತಲೂ ಕೆಟ್ಟದಾಗುತ್ತದೆ. ಶಾಫ್ಟಿನ ತುದಿಯ ಸುತ್ತ 36 ಹಲ್ಲುಗಳ ಸಾಲು (ಸ್ಪ್ಲೈನ್) ಇದ್ದರೆ ಒಂದು ಹಲ್ಲು ತಪ್ಪಿದರೂ 10 ಡಿಗ್ರಿ ತಪ್ಪಿದಂತೆ. ಮೇಲಿನಿಂದಲೂ ಪಕ್ಕದಿಂದಲೂ ನೋಡಿದಾಗ ಶಾಫ್ಟುಗಳು ಎರಡು ಬೇರೆ ದಿಕ್ಕುಗಳಿಗೆ ಬಾಗಿದ್ದರೆ, ಅಂದರೆ ಮೂರೂ ಒಂದೇ ಸಮತಲದಲ್ಲಿಲ್ಲದಿದ್ದರೆ, ಕವಲುಗಳನ್ನು ನೇರ ಸಾಲಿಗೆ ತರುವುದು ಸರಿಯಲ್ಲ. ಆ ಎರಡು ಸಮತಲಗಳ ನಡುವೆ ಎಷ್ಟು ಕೋನವಿದೆಯೋ ಅಷ್ಟು ಒಂದನ್ನು ತಿರುಗಿಸಿ ಕೂರಿಸಬೇಕು. ಎಂಜಿನನ್ನು ಸುತ್ತಿ ಹೋಗಬೇಕಾದ ನಿಮ್ಮಂಥ ಕಾರುಗಳಲ್ಲಿ ಬಹಳ ಸಲ ಹೀಗೇ ಆಗುತ್ತದೆ.

ಒಂದು ಜಾಯಿಂಟಿನ ಕೋನ ಎಷ್ಟಿರಬಹುದು ಎಂಬುದಕ್ಕೆ ತಯಾರಕರು ಸಾಮಾನ್ಯವಾಗಿ 30ರಿಂದ 35 ಡಿಗ್ರಿಯ ಮಿತಿ ಹಾಕುತ್ತಾರೆ. ನಾನು 25ರ ಆಸುಪಾಸಿನಲ್ಲಿ ನಿಲ್ಲಿಸಲು ನೋಡುತ್ತೇನೆ. ಎರಡು ಜಾಯಿಂಟಿನಲ್ಲಿ ದಾರಿ ಸಿಗದೆ ಮೂರನೆಯದನ್ನು ಹಾಕುವ ಪ್ರಸಂಗ ಬಂದರೆ, ನಡುವೆ ಒಂದು ಆಧಾರ ಬೇರಿಂಗ್ ಇಲ್ಲದೆ ಹಾಕಲೇಬಾರದು. ಎರಡು ಜಾಯಿಂಟುಗಳಿದ್ದಾಗ ಮೇಲೆ ಕಾಲಮ್ಮಿನ ಬೇರಿಂಗ್, ಕೆಳಗೆ ರ‍್ಯಾಕಿನ ಬೇರಿಂಗ್ ಸೇರಿ ಎಲ್ಲವನ್ನೂ ಹಿಡಿದಿರುತ್ತವೆ. ಮೂರಾದರೆ ನಡುವಿನ ಎರಡು ಶಾಫ್ಟುಗಳು ಸೇರುವ ಜಾಗಕ್ಕೆ ಯಾರ ಹಿಡಿತವೂ ಇರುವುದಿಲ್ಲ. ತಿರುಗಿಸಿದಾಗ ಅದು ಮಡಚಿಕೊಂಡು ಪಕ್ಕಕ್ಕೆ ಹೊರಳಿ, ಎಂಜಿನ್ನಿಗೋ ಚಾಸಿಗೋ ಸಿಕ್ಕಿಕೊಳ್ಳಬಹುದು. ರಬ್ಬರ್ ಕಪ್ಲಿಂಗನ್ನು ಜಾಯಿಂಟಿನ ಬದಲಿಗೆ ಬಳಸಬೇಡಿ. ಅದಿರುವುದು ರಸ್ತೆಯ ನಡುಕವನ್ನು ಹೀರಿಕೊಳ್ಳಲು. ಒಂದೆರಡು ಡಿಗ್ರಿಗಿಂತ ಹೆಚ್ಚು ಓರೆಯಾದರೆ ರಬ್ಬರ್ ಹರಿಯಲು ಶುರುವಾಗುತ್ತದೆ.

ಜಾಯಿಂಟ್ ಕೊಳ್ಳುವ ಮೊದಲು ಹಲ್ಲುಗಳನ್ನು ಎಣಿಸಿ. ಮುಕ್ಕಾಲು ಇಂಚಿನ ಶಾಫ್ಟಿನಲ್ಲೇ 30 ಹಲ್ಲಿನದೂ ಇದೆ, 36 ಹಲ್ಲಿನದೂ ಇದೆ. ಬರಿಗಣ್ಣಿಗೆ ಎರಡೂ ಒಂದೇ. ಸೀಮೆಸುಣ್ಣದಿಂದ ಒಂದು ಹಲ್ಲಿಗೆ ಗುರುತು ಹಾಕಿ ಸೂಜಿಯ ಮೊನೆಯಿಂದ ಎಣಿಸಿದರೆ ಎರಡು ನಿಮಿಷದ ಕೆಲಸ. ಸಲೀಸಾಗಿ ಜಾರಿ ಕೂರದ ಜಾಯಿಂಟನ್ನು ಬಡಿದು ಕೂರಿಸಬೇಡಿ. ಶಾಫ್ಟಿನ ತುದಿ ಜಾಯಿಂಟಿನ ಕುತ್ತಿಗೆಯೊಳಗೆ ಪೂರ್ತಿ ಬರಬೇಕು, ಆದರೆ ಎರಡು ಕವಲುಗಳನ್ನು ಸೇರಿಸುವ ನಡುವಿನ ಶಿಲುಬೆಯಾಕಾರದ ತುಂಡಿಗೆ ತಾಗಬಾರದು. ಒತ್ತುವ ಸ್ಕ್ರೂ ಇರುವ ಮಾದರಿಯಾದರೆ ಶಾಫ್ಟಿನ ಮೇಲೆ ಅದರ ಮೊನೆ ಕೂರುವಷ್ಟು ಗುಳಿ ಕೊರೆದು, ಥ್ರೆಡ್ ಅಂಟು ಹಚ್ಚಿ, ಲಾಕ್‌ನಟ್ ಹಾಕಿ. ಅಡ್ಡ ಬೋಲ್ಟ್ ಇರುವ ಮಾದರಿಯಾದರೆ ಬೋಲ್ಟ್ ಶಾಫ್ಟಿನ ಕಚ್ಚಿನ ಮೂಲಕವೇ ಹಾದುಹೋಗಿದೆಯೇ ನೋಡಿ. ಕಚ್ಚಿನ ಆಚೆ ಬಿಗಿದರೆ ಜಾಯಿಂಟ್ ಕ್ರಮೇಣ ಕಳಚಿ ಬರುತ್ತದೆ. ದುಬಾರಿ ಶಾಫ್ಟ್ ಕತ್ತರಿಸುವ ಮೊದಲು ಅಷ್ಟೇ ದಪ್ಪದ ದುಂಡು ಮರದ ಕೋಲನ್ನು ಜಾಯಿಂಟುಗಳಿಗೆ ಸಿಕ್ಕಿಸಿ, ಎಂಜಿನ್, ಎಕ್ಸಾಸ್ಟ್, ಬ್ರೇಕ್ ಪೈಪು ಎಲ್ಲವೂ ಜಾಗದಲ್ಲಿರುವಾಗ ತಿರುಗಿಸಿ ನೋಡುವುದು ನನ್ನ ರೂಢಿ. ಎಂಜಿನ್ ತನ್ನ ರಬ್ಬರಿನ ಮೇಲೆ ಅಲುಗುತ್ತದೆ ಎಂಬುದನ್ನು ಮರೆಯದೆ ಸುತ್ತ ಒಂದು ಬೆರಳಿನಷ್ಟಾದರೂ ಅಂತರ ಬಿಡಿ.

ಹಾರ್ನಿನ ವಿಷಯ ಸರಳ. ಅನೇಕ ಕಾರುಗಳಲ್ಲಿ ಹಾರ್ನ್ ಗುಂಡಿ ಮಾಡುವುದು ಅರ್ಥ್ ಸಂಪರ್ಕವನ್ನು ಕೂಡಿಸುವುದನ್ನು ಮಾತ್ರ; ಆ ಅರ್ಥ್ ಶಾಫ್ಟಿನ ಮೂಲಕವೇ ಕೆಳಗಿಳಿದು ಚಾಸಿಗೆ ಸೇರುತ್ತದೆ. ನೀವು ರಬ್ಬರ್ ಕಪ್ಲಿಂಗ್ ಹಾಕಿದಾಗ ಆ ದಾರಿ ಕಡಿದುಹೋಯಿತು. ಕಪ್ಲಿಂಗಿನ ಒಂದು ಬದಿಯ ಬೋಲ್ಟಿನಿಂದ ಇನ್ನೊಂದು ಬದಿಯ ಬೋಲ್ಟಿಗೆ ಸ್ವಲ್ಪ ಸಡಿಲವಾಗಿ ಒಂದು ತುಂಡು ಹೆಣೆದ ತಂತಿ ಹಾಕಿ, ಹಾರ್ನ್ ಕೂಗುತ್ತದೆ.

ಸ್ಟೀರಿಂಗ್ ಲಾಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಿಮ್ಮ ಕಾಲಮ್ಮಿನಲ್ಲಿ ಕೀ ತೆಗೆದಾಗ ಶಾಫ್ಟನ್ನು ಹಿಡಿಯುವ ಬೀಗದ ನಾಲಿಗೆ ಇದೆ. ಹಳೆಯ ಡ್ಯಾಶ್‌ಬೋರ್ಡಿನ ಕೀಯನ್ನೇ ಉಳಿಸಿಕೊಳ್ಳುವವರು ಆ ನಾಲಿಗೆಯನ್ನು ತಂತಿಯಿಂದ ಕಟ್ಟಿ ಸುಮ್ಮನಾಗುತ್ತಾರೆ. ತಂತಿ ಸಡಿಲವಾಗಿ ನಾಲಿಗೆ ಓಡುವಾಗ ಹೊರಬಂದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಬೀಗವನ್ನು ಅದರ ಸ್ವಂತ ಕೀ ಮತ್ತು ಸ್ವಿಚ್ಚಿನೊಂದಿಗೆ ಪೂರ್ತಿಯಾಗಿ ಬಳಸಿ. ಬಳಸದಿದ್ದರೆ ಆ ನಾಲಿಗೆಯನ್ನು ಪೂರ್ತಿಯಾಗಿ ತೆಗೆದುಹಾಕಿ, ಕಳ್ಳತನ ತಡೆಯಲು ಬೇರೆ ಸಾಧನ ಹಾಕಿ. ಕಾಲಮ್ಮಿನೊಂದಿಗೆ ಏರ್‌ಬ್ಯಾಗ್ ಇರುವ ಸ್ಟೀರಿಂಗ್ ವೀಲ್ ಬಂದಿದ್ದರೆ ಅದನ್ನೂ ಬಳಸಬೇಡಿ. ಯಾವಾಗ ಸಿಡಿಯಬೇಕು ಎಂದು ತೀರ್ಮಾನಿಸುವ ಸೆನ್ಸರುಗಳು ಆ ಕಾರಿನ ದೇಹಕ್ಕೆ ಹೊಂದಿಸಿದವು, ನಿಮ್ಮ ಕಾರಿನ ದೇಹಕ್ಕಲ್ಲ. ಏರ್‌ಬ್ಯಾಗ್ ಬಿಚ್ಚುವುದಿದ್ದರೆ ಬ್ಯಾಟರಿ ಕಳಚಿ, ಆ ಕಾರಿನ ಪುಸ್ತಕ ಹೇಳಿದಷ್ಟು ಹೊತ್ತು ಕಾಯಬೇಕು; ಈ ಕೆಲಸವನ್ನು ತಿಳಿದವರಿಗೇ ಬಿಡಿ.

ಈಗ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕಾಲಮ್ಮಿನ ಮಾತು. ಮುಂಭಾಗ ಭಾರವಾದ ಹಳೆಯ ಕಾರಿಗೆ ಅದು ನಿಜಕ್ಕೂ ಉಪಕಾರಿ, ಮತ್ತು ಚೆನ್ನಾಗಿ ಮಾಡಿದ ಕೆಲಸಗಳನ್ನು ನಾನು ಕಂಡಿದ್ದೇನೆ. ಕಾಲಮ್ಮಿನೊಳಗೆ ಒಂದು ತೆಳು ತಿರುಚು ಸರಳು ಇರುತ್ತದೆ. ನೀವು ವೀಲ್ ತಿರುಗಿಸಿದಾಗ ಅದು ಎಷ್ಟು ತಿರುಚಿಕೊಂಡಿತು ಎಂಬುದನ್ನು ಸೆನ್ಸರ್ ಅಳೆದು, ಮೋಟಾರ್ ಎಷ್ಟು ನೆರವಾಗಬೇಕು ಎಂದು ಕಂಟ್ರೋಲ್ ಪೆಟ್ಟಿಗೆ ನಿರ್ಧರಿಸುತ್ತದೆ. ಮೂಲ ಕಾರಿನಲ್ಲಿ ಆ ಪೆಟ್ಟಿಗೆಗೆ ಕಾರಿನ ವೇಗದ ಸಂಕೇತ ಬರುತ್ತಿತ್ತು. ನಿಮ್ಮ ಕಾರಿನಲ್ಲಿ ಅದು ಬರದಿದ್ದರೆ, ಮಾದರಿಗೆ ತಕ್ಕಂತೆ ಅದು ಒಂದೇ ನಿಗದಿತ ಪ್ರಮಾಣದಲ್ಲಿ ನೆರವಾಗುತ್ತದೆ ಅಥವಾ ನೆರವನ್ನೇ ನಿಲ್ಲಿಸುತ್ತದೆ. ನಿಗದಿತ ನೆರವು ಕಾರನ್ನು ಪಾರ್ಕ್ ಮಾಡುವಾಗ ಹಿತ, ಹೆದ್ದಾರಿಯ ವೇಗದಲ್ಲಿ ಅತಿ ಹಗುರ. ಎರಡನೆಯದಾಗಿ, ಮೋಟಾರ್ ಶಾಫ್ಟನ್ನು ಒಂದು ಕಡೆಗೆ ತಿರುಗಿಸಿದಷ್ಟೇ ಬಲದಿಂದ ಕಾಲಮ್ಮಿನ ದೇಹವನ್ನು ಇನ್ನೊಂದು ಕಡೆಗೆ ತಿರುಗಿಸಲು ನೋಡುತ್ತದೆ. ಹಳೆಯ ಡ್ಯಾಶ್‌ಬೋರ್ಡಿನ ತಗಡಿಗೆ ಅದು ಹೊರಲಾರದ ಹೊರೆ, ಜಾಯಿಂಟುಗಳಿಗೂ ಹೆಚ್ಚಿನ ಕೆಲಸ. ಮೂರನೆಯದಾಗಿ, ನಿಂತಲ್ಲೇ ಚಕ್ರ ತಿರುಗಿಸುವಾಗ ಅದು ಹತ್ತಾರು ಆಂಪಿಯರ್ ಎಳೆಯುತ್ತದೆ. 22 ಆಂಪಿಯರ್ ಆಸುಪಾಸಿನ ಹಳೆಯ ಡೈನಮೋ ಇರುವ ಕಾರಾದರೆ ಮೊದಲು ಆಲ್ಟರ್ನೇಟರ್, ದಪ್ಪ ವೈರು, ಅದಕ್ಕೇ ಪ್ರತ್ಯೇಕ ಫ್ಯೂಸ್ ಬೇಕು. ಇವೆಲ್ಲವನ್ನೂ ಮಾಡಲು ಸಿದ್ಧರಿದ್ದರೆ ಒಳ್ಳೆಯ ಆಯ್ಕೆ. ಆದರೆ ಜಾಯಿಂಟಿನ ತಪ್ಪನ್ನು ಮುಚ್ಚಲು ಇದನ್ನು ಹಾಕಬೇಡಿ. ನೆರವಿನ ಅಡಿಯಲ್ಲಿ ಆ ಭಾರ ಕೈಗೆ ತಿಳಿಯದಂತಾಗುತ್ತದೆ, ಹೋಗಿರುವುದಿಲ್ಲ. ನೆರವು ಪೂರ್ತಿ ನಿಂತಾಗಲೂ ಕಾರನ್ನು ತಿರುಗಿಸಲು ಸಾಧ್ಯವೇ ಎಂದು ಖಾಲಿ ಜಾಗದಲ್ಲಿ ಮೊದಲೇ ಪರೀಕ್ಷಿಸಬೇಕು.

ಇನ್ನುಳಿದ ಆಯ್ಕೆಗಳು ಎರಡು. ಪರಿವರ್ತನೆಗೆಂದೇ ತಯಾರಾಗುವ ಹೊಸ ಕಾಲಮ್ಮುಗಳು ಬೇರೆ ಬೇರೆ ಉದ್ದಗಳಲ್ಲಿ ಸಿಗುತ್ತವೆ. ಹೊಂದಿಕೆ ಸುಲಭ, ಆದರೆ ಅವೆಲ್ಲವೂ ಕುಗ್ಗುವ ಮಾದರಿಯವಲ್ಲ, ಕೊಳ್ಳುವ ಮೊದಲು ಇದನ್ನು ಸ್ಪಷ್ಟವಾಗಿ ಕೇಳಿ. ಹಳೆಯ ಬಾಕ್ಸ್ ಮತ್ತು ಗಟ್ಟಿ ಶಾಫ್ಟಿಗೇ ಮರಳುವುದು ಇನ್ನೊಂದು. ಹೊಸ ಎಂಜಿನ್ ಇರುವವರೆಗೆ ಅದು ನಿಮಗೆ ಸಾಧ್ಯವಿಲ್ಲ, ಸಾಧ್ಯವಿದ್ದರೂ ನಾನು ಹೇಳುತ್ತಿರಲಿಲ್ಲ. ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ, ಪೆಟ್ಟು ತಿನ್ನದ ಮತ್ತೊಂದು ಕಾಲಂ, ಅದರದೇ ಬ್ರಾಕೆಟ್, ಎರಡು ಜಾಯಿಂಟ್, ಸರಿಯುವ ನಡು ಶಾಫ್ಟ್ ಎಂಬ ದಾರಿಯನ್ನೇ ಹಿಡಿಯುತ್ತಿದ್ದೆ.

ಎಲ್ಲ ಕೂರಿಸಿದ ಮೇಲೆ ಮುಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ ವೀಲನ್ನು ಬಲಕ್ಕೆ ತಿರುಗಿಸಿ. ಚಕ್ರಗಳೂ ಬಲಕ್ಕೇ ತಿರುಗಬೇಕು. ಇದನ್ನು ಬರೆಯಬೇಕಾದದ್ದೇ ಇಲ್ಲ ಎನಿಸಬಹುದು, ಆದರೆ ಚಕ್ರಗಳ ಹಿಂದೆ ಇರಬೇಕಾದ ರ‍್ಯಾಕನ್ನು ಮುಂದೆ ಕೂರಿಸಿದಾಗ ಸ್ಟೀರಿಂಗ್ ತಿರುಗುಮುರುಗಾಗುತ್ತದೆ. ನಂತರ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧಕ್ಕೆ ತಂದು, ವೀಲ್ ನೇರವಾಗಿರುವಂತೆ ಜಾಯಿಂಟನ್ನು ಕೂರಿಸಿ. ಇಂಡಿಕೇಟರನ್ನು ತಾನಾಗಿ ಆರಿಸುವ ಉಬ್ಬು (ಕ್ಯಾಮ್) ಆಗ ಸರಿಯಾದ ಜಾಗದಲ್ಲಿರುತ್ತದೆ. ಪ್ರತಿ ಬೋಲ್ಟಿನ ತಲೆಯಿಂದ ಜಾಯಿಂಟಿನ ಮೈವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಗೆರೆ ಕಡಿದಿದೆಯೇ ಎಂದು ಕಾರಿನಡಿ ಮಲಗಿ ನೋಡಿ. ರಸ್ತೆಗಿಳಿಸುವ ಮೊದಲು ನಿಮ್ಮಲ್ಲಿನ ನಿಯಮದಂತೆ ಬದಲಾವಣೆಯ ತಪಾಸಣೆ ಮಾಡಿಸಿ, ವಿಮೆಯವರಿಗೂ ತಿಳಿಸಿ.

ಕಾಲಮ್ಮಿನ ಕೆಳತುದಿ, ರ‍್ಯಾಕಿನ ಮೂತಿ ಇವೆರಡರ ನಡುವಿನ ಅಂತರವನ್ನೂ, ಮೇಲಿನಿಂದ ಮತ್ತು ಪಕ್ಕದಿಂದ ಅಳೆದ ಕೋನಗಳನ್ನೂ, ಎರಡೂ ತುದಿಗಳ ಹಲ್ಲುಗಳ ಎಣಿಕೆಯನ್ನೂ ಬರೆದು ಕಳುಹಿಸಿದರೆ, ಕವಲುಗಳನ್ನು ಎಷ್ಟು ಡಿಗ್ರಿ ತಿರುಗಿಸಿ ಕೂರಿಸಬೇಕು ಎಂದು ಲೆಕ್ಕ ಹಾಕಿ ತಿಳಿಸುತ್ತೇನೆ.